ಅಕ್ಕ ಕಪ್ಪು ಮಾಡಿದ ಮಣ್ಣು

ಗಂಡ ತೀರಿಕೊಂಡು ತವರಿಗೆ ಬಂದ ಅಕ್ಕನಿಗೆ ಅಪ್ಪ ಕೊಟ್ಟದ್ದು ಕುರುಗೋಡಿನ ಗುಡ್ಡದ ಬುಡದಲ್ಲಿದ್ದ ಒಂದು ಎಕರೆ ಮಸಾರಿ ಹೊಲ. ಅದೂ ಬಾಯಿಮಾತಿನಲ್ಲಿ. "ಮಾಡ್ಕೊಂಡು ತಿನ್ನವ್ವ, ನಿನ್ನ ಯಾರು ಕೇಳ್ತಾರ?" ಎಂದಿದ್ದ. ಎಂಥ ನೆಲ ಅದು! ಕೆಂಪಗೆ, ಗಟ್ಟಿಯಾಗಿ, ಮಳೆ ಬಿದ್ದರೆ ನೀರು ಇಂಗದೆ ಮೇಲೆ ಮೇಲೆಯೇ ಓಡಿಹೋಗುತ್ತಿತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಾನು ಬಳ್ಳಾರಿಯಲ್ಲಿ ಓದುತ್ತಿದ್ದೆ.

ಅಕ್ಕ ಅಳುತ್ತ ಕೂರಲಿಲ್ಲ. ಬುಟ್ಟಿ ಹಿಡಿದು ಸಗಣಿ ಆರಿಸಲು ಹೊರಟಳು. ಸಂತೆಯ ದಿನ ಬಳ್ಳಾರಿ ರಸ್ತೆಯಲ್ಲಿ ಎತ್ತಿನ ಗಾಡಿಗಳ ಹಿಂದೆ ನಡೆದಳು. ಕುರಿಯವರು ಬಂದರೆ ರೊಟ್ಟಿ, ಸಜ್ಜೆ ಕೊಟ್ಟು ಮಂದೆಯನ್ನು ತನ್ನ ಹೊಲದಲ್ಲೇ ತಂಗಿಸಿದಳು. ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಸಗಣಿ, ಒಲೆಯ ಬೂದಿ, ಶೇಂಗಾ ಹೊಟ್ಟು ಒಂದರ ಮೇಲೊಂದು ಹಾಕಿ ಮಣ್ಣು ಮುಚ್ಚುತ್ತಿದ್ದಳು. ಊರವರು ಗೊಬ್ಬರವನ್ನು ಹೊಲದಲ್ಲಿ ಗುಡ್ಡೆ ಗುಡ್ಡೆಯಾಗಿ ಸುರಿದು ಮಳೆ ಬರುವ ತನಕ ಬಿಸಿಲಿಗೆ ಬಿಡುತ್ತಿದ್ದರು. ಅಕ್ಕ ಮಾತ್ರ ಹರವಿದ ದಿನವೇ ಕುಂಟೆ ಹೊಡೆಸಿ ಮಣ್ಣಿನೊಳಗೆ ಸೇರಿಸಿಬಿಡುತ್ತಿದ್ದಳು.

"ಅಷ್ಟು ಅವಸರ ಯಾಕಕ್ಕ?" ಎಂದರೆ, "ನಾತ ಆಗಿ ಮೂಗಿಗೆ ಬಂದದ್ದು ಹೊಲಕ್ಕ ಸಿಗಂಗಿಲ್ಲವ್ವ," ಎನ್ನುತ್ತಿದ್ದಳು.

ಊರ ಗಂಡಸರು ಅವಳಿಗೆ ತಿಪ್ಪಿ ಗೌಡ್ತಿ ಎಂದು ಹೆಸರಿಟ್ಟರು. "ಏನ್ ಗೌಡ್ತಿ, ತಿಪ್ಪಿ ಎಷ್ಟು ಅಂತಸ್ತು ಏರ್ತು?" ಎಂದು ಕಟ್ಟೆಯಿಂದ ಕೂಗಿದರೆ, "ನಿನ್ನ ಎತ್ತು ತಂದು ಇಲ್ಲಿ ಕಟ್ಟಪ್ಪ, ಇನ್ನೊಂದು ಏರ್ತೈತಿ," ಎಂದು ತಿರುಗಿಯೂ ನೋಡದೆ ಹೋಗುತ್ತಿದ್ದಳು.

ನಾನು ಬಳ್ಳಾರಿಯಲ್ಲೇ ವಿಜ್ಞಾನದ ಟೀಚರ್ ಆದೆ. ಗೊಬ್ಬರ ಕೊಳೆಯುವಾಗ ಅದರಲ್ಲಿನ ಇಂಗಾಲ ಒಂದಷ್ಟು ಗಾಳಿಗೆ ಹೋಗುತ್ತದೆ, ಒಂದಷ್ಟು ಮಣ್ಣಿನಲ್ಲೇ ಉಳಿದು ಅದನ್ನು ಕಪ್ಪಾಗಿ, ಮೆತ್ತಗೆ ಮಾಡುತ್ತದೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ರಜೆಗೆ ಹೋದಾಗ ಅಕ್ಕ ತನ್ನ ಹೊಲದ ಹಿಡಿ ಮಣ್ಣನ್ನು ನನ್ನ ಅಂಗೈಗೆ ಸುರಿದು, "ಹಿಸುಕಿ ನೋಡು," ಎಂದಳು. ಮಣ್ಣು ತಣ್ಣಗಿತ್ತು, ಹಿಸುಕಿದರೆ ಪುಡಿಯಾಗುತ್ತಿತ್ತು. ಎರೆಹುಳು ಹೊರಳಾಡುತ್ತಿದ್ದವು. ಮಳೆ ನೀರು ಈಗ ಅಲ್ಲೇ ಇಂಗುತ್ತಿತ್ತು. ಹತ್ತು ವರ್ಷ ಹಿಡಿದಿತ್ತು ಅದಕ್ಕೆ. ಅಕ್ಕನ ಮುಖದಲ್ಲಿ ಮದುವೆಯಾದಾಗಲೂ ನಾನು ಅಂಥ ಖುಷಿ ಕಂಡಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಮ್ಮಣ್ಣ ಒಂದು ಕಾಗದ ಹಿಡಿದು ಬಳ್ಳಾರಿಯ ನನ್ನ ಮನೆಗೆ ಬಂದ. "ಹೊಲ ನನ್ನ ಹೆಸರಿಗೆ ಆಗಬೇಕಂದ್ರ ಹೆಣ್ಮಕ್ಕಳ ಸೈ ಬೇಕಂತ, ತಂಗೆವ್ವ. ಸುಮ್ನ ಒಂದು ಪದ್ಧತಿ."

"ಅಕ್ಕನ ಎಕರೆ?" ಎಂದೆ.

"ಅದನ್ನ ಯಾರು ಮುಟ್ತಾರ?"

ಅಣ್ಣ ಚಾಚಿದ ಕಾಗದವನ್ನು ಅವನ ಮುಂದೆಯೇ ಓದುವುದು ನಮ್ಮ ಕಡೆ ಅವನ ಮುಖಕ್ಕೆ ಹೊಡೆದಂತೆ. ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆ ಬೇರೆ. ಸೈ ಮಾಡಿದೆ. ಮಿರ್ಚಿ ಮಂಡಕ್ಕಿ ಮಾಡಿ ತಿನ್ನಿಸಿದೆ. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕತೆ. ಥೂ, ನನ್ನ ಓದಿಗಿಷ್ಟು!

ಸಿರುಗುಪ್ಪದ ದಾರಿಯಲ್ಲಿ ಅಣ್ಣನಿಗೆ ಕಾಲುವೆ ನೀರಿನ ಗದ್ದೆಯಿತ್ತು. ವರ್ಷವಿಡೀ ನೀರು ನಿಲ್ಲಿಸಿ, ಚೀಲಗಟ್ಟಲೆ ಯೂರಿಯಾದಂಥ ಸರ್ಕಾರಿ ಗೊಬ್ಬರ ಸುರಿದು ಭತ್ತ ಬೆಳೆಯುತ್ತಿದ್ದ. ಸಗಣಿ ಗೊಬ್ಬರ ಕಂಡರೆ ನಗುತ್ತಿದ್ದ. ಕೊನೆಗೆ ಅಲ್ಲಿ ಉಪ್ಪು ಮೇಲೆದ್ದು ನೆಲ ಬೆಳ್ಳಗಾಯಿತು, ಪೈರು ಏಳದಾಯಿತು. ಆ ಬೇಸಿಗೆ ಅವನು ಟ್ರ್ಯಾಕ್ಟರ್ ತಂದು ಅಕ್ಕನ ಎಕರೆಯ ಮೇಲ್ಮಣ್ಣನ್ನು ಹೆರೆದು ತನ್ನ ಗದ್ದೆಗೆ ಸಾಗಿಸತೊಡಗಿದ.

ಸುದ್ದಿ ತಿಳಿದು ಬಸ್ಸು ಹತ್ತಿ ಓಡಿದೆ. ಅಷ್ಟರಲ್ಲಿ ಮುಕ್ಕಾಲು ಹೊಲ ಖಾಲಿಯಾಗಿತ್ತು. ಕೆಳಗಿನ ಕೆಂಪು ನೆಲ ಮತ್ತೆ ಮೇಲೆ ಬಂದಿತ್ತು. ಅಕ್ಕ ಬದುವಿನ ಮೇಲೆ ಕೂತಿದ್ದಳು. ನಾನು ಅಣ್ಣನ ಮೇಲೆ ಕೂಗಾಡಿದೆ, ಟ್ರ್ಯಾಕ್ಟರಿಗೆ ಅಡ್ಡ ನಿಂತೆ. ಅವನು ನನ್ನ ಕಡೆ ನೋಡದೆ ಅಕ್ಕನಿಗೆ ಹೇಳಿದ: "ಹೊಲ ನಂದು, ಕಾಗದ ಐತಿ. ಗೊಬ್ಬರ ನಿಂದಾದ್ರ ಆರಿಸ್ಕೊಂಡು ಹೋಗು."

ಹತ್ತು ವರ್ಷದ ಸಗಣಿಯನ್ನು ಮಣ್ಣಿನಿಂದ ಆರಿಸುವುದು ಹೇಗೆ? ಡ್ರೈವರ್ ನನ್ನ ಪಕ್ಕದಿಂದ ಟ್ರ್ಯಾಕ್ಟರ್ ತಿರುಗಿಸಿ ಓಡಿಸಿಕೊಂಡು ಹೋದ.

ಅಕ್ಕ ನನ್ನನ್ನು ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ನಾನು ಹೆಬ್ಬೆಟ್ಟು ಒತ್ತಂಗಿಲ್ಲ ಅಂದಿದ್ದೆವ್ವ," ಎಂದಳು. "ಆಗ ನಿನ್ನ ಸೈ ತೋರಿಸಿದ. ಸಾಲಿ ಕಲಿಸಾಕಿ ಓದದೇ ಹಾಕ್ತಾಳೇನು ಅಂತ ನಾನೂ ಒತ್ತಿಬಿಟ್ಟೆ."

ನಾನು ತಲೆ ತಗ್ಗಿಸಿದೆ. ಅಕ್ಕನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಸಿಟ್ಟಿಲ್ಲದೆ, ಮೆಲ್ಲಗೆ ಕೇಳಿದಳು: "ಏನು ಬರೆದಿತ್ತವ್ವ ಅದರಾಗ?"

ನನಗೆ ಗೊತ್ತಿರಲಿಲ್ಲ.