ಜ್ವರ ಬಂದ ಸಂತೋಷ

ಕನ್ನಡ ಮೇಷ್ಟರಿಗೆ ಕನ್ನಡ ಬರುವುದಿಲ್ಲ ಎಂಬ ಮಾತು ವಿರೋಧಾಭಾಸವಲ್ಲ, ನನ್ನ ಸ್ವಂತ ಅನುಭವ. ಮೇಲುನೋಟಕ್ಕೆ ಸುಳ್ಳೆನಿಸಿ ಒಳಹೊಕ್ಕರೆ ನಿಜವಾಗುವ ಮಾತು ವಿರೋಧಾಭಾಸ. ಒಂದೇ ಅಚ್ಚಿನ ಎರಡು ವಾಕ್ಯಗಳನ್ನು ಜೋಡೆತ್ತಿನಂತೆ ಹೂಡಿದರೆ ಸಮಾನಾಂತರ ರಚನೆ. ಐವತ್ತರ ದಶಕದ ಕೊನೆಯಲ್ಲಿ, ಮೈಸೂರಿನಿಂದ ಶಿಡ್ಲಘಟ್ಟಕ್ಕೆ ಹೊಸದಾಗಿ ಬಂದಿಳಿದ ನಾನು ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು, ಎರಡೂ ಸೇರಿದ ಒಂದು ಸ್ವಂತ ಉದಾಹರಣೆ ಕೊಡಿ ಎಂದು ಪರೀಕ್ಷೆಯಲ್ಲಿ ಕೇಳಿದೆ. ಇಡೀ ತರಗತಿ ನಾನು ಪಾಠದಲ್ಲಿ ಕೊಟ್ಟ ಉದಾಹರಣೆಯನ್ನೇ ನನಗೆ ಹಿಂದಿರುಗಿಸಿತು. ರತ್ನಮ್ಮ ಎಂಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: "ಜ್ವರ ಬಂತು, ಮನೆಯವರೆಲ್ಲ ಹಿಗ್ಗಿದರು. ಜ್ವರ ಬರಲಿಲ್ಲ, ಮನೆಯವರೆಲ್ಲ ಕುಗ್ಗಿದರು."

ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, "ಇದು ವಿರೋಧಾಭಾಸವಲ್ಲ, ಹುಚ್ಚಾಟ" ಎಂದು ಷರಾ ಬರೆದೆ. ಆ ಷರಾ ನನಗೆ ಎಷ್ಟು ಹಿಡಿಸಿತೆಂದರೆ, ಎರಡು ಸಲ ಓದಿಕೊಂಡೆ.

ಮರುದಿನ ಅವಳ ಅಜ್ಜಿ ಮುನಿಯಮ್ಮ ಉತ್ತರಪತ್ರಿಕೆ ಹಿಡಿದು ಬಂದರು. ಆ ಸೊನ್ನೆಯಿಂದ ಹುಡುಗಿ ಕನ್ನಡದಲ್ಲಿ ಫೇಲಾಗಿದ್ದಳು. ಇವಳಿಗೆ ಓದು ಹತ್ತುವುದಿಲ್ಲವೆಂದು ಅಪ್ಪ ಶಾಲೆ ಬಿಡಿಸಲು ಹೊರಟಿದ್ದ.

"ಒಂದು ಸಲ ಮನೆಗೆ ಬಂದು ನೋಡಿ ಸಾಮಿ. ಆಮೇಲೆ ಎಷ್ಟು ಸೊನ್ನೆ ಬೇಕಾದ್ರೂ ಹಾಕಿ."

ಹೋದೆ, ಪಾಠ ಹೇಳುವ ಠೀವಿಯಲ್ಲೇ ಹೋದೆ. ಮನೆ ತುಂಬ ಬಿದಿರಿನ ತಟ್ಟೆಗಳು. ಅವುಗಳಲ್ಲಿ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕುಳಿತ ರೇಷ್ಮೆಹುಳುಗಳು. ಪಾಪ, ಕಾಯಿಲೆಯೇ ಎಂದು ಕೇಳಿದೆ.

"ಜ್ವರಕ್ಕೆ ಕೂತವೆ ಸಾರ್," ಎಂದಳು ರತ್ನಮ್ಮ. "ಜ್ವರ ಬಂದ್ರೇನೇ ಹಳೇ ಚರ್ಮ ಕಳಚಿ ದೊಡ್ಡವಾಗೋದು. ನಾಲ್ಕು ಜ್ವರ ಆಗ್ಬೇಕು, ಆಮೇಲೆ ಗೂಡು ಕಟ್ತವೆ. ಬರ್ಲಿಲ್ಲ ಅಂದ್ರೆ ಬೆಳೆ ಹೋಯ್ತು ಅಂತ."

ನಾನು ಬೋರ್ಡಿನ ಮೇಲೆ ಬರೆದ ಲಕ್ಷಣ ನನ್ನೆದುರೇ ತಟ್ಟೆ ತಟ್ಟೆಯಾಗಿ ಕುಳಿತಿತ್ತು. ಹಳೆಯ ಅಲಂಕಾರ ಗ್ರಂಥಗಳಲ್ಲಿ ಚಂದ್ರ ಸುಡುತ್ತಾನೆ, ಬೆಂಕಿ ತಣ್ಣಗಿರುತ್ತದೆ. ಆದರೆ ಬರೆದವರು ಯಾರೂ ಚಂದ್ರನನ್ನು ಮನೆಯಲ್ಲಿ ಸಾಕಿರಲಿಲ್ಲ. ಈ ಹುಡುಗಿ ತನ್ನ ಅಲಂಕಾರಕ್ಕೆ ದಿನವೂ ಸೊಪ್ಪು ಹಾಕಿ ಬೆಳೆಸಿದ್ದಳು.

ಅಲ್ಲೇ, ಅವಳ ಅಪ್ಪನ ಎದುರಿಗೇ, ಹತ್ತಕ್ಕೆ ಹತ್ತು ಕೊಟ್ಟೆ. ಹೆಚ್ಚು ಶ್ರಮವಾಗಲಿಲ್ಲ, ಸೊನ್ನೆಯ ಎಡಕ್ಕೆ ಒಂದು ಗೀಟು ಎಳೆದರೆ ಸಾಕಾಯಿತು. ಷರಾ ಹೊಡೆದುಹಾಕುವಾಗ ಮಾತ್ರ ಮುಖ ಬೆಚ್ಚಗಾಯಿತು. "ಹಂಗಾದ್ರೆ ಓದ್ಲಿ ಬಿಡಿ," ಎಂದ ಅಪ್ಪ. ರತ್ನಮ್ಮ ಗೆದ್ದಳು, ನಾನು ಸೋತೆ, ಇಬ್ಬರಿಗೂ ಹಿಗ್ಗೋ ಹಿಗ್ಗು.

ಮುನಿಯಮ್ಮ ನನ್ನ ಕೆಂಪೇರಿದ ಮುಖವನ್ನು ಒಮ್ಮೆ ನೋಡಿ, ಮಗನ ಕಡೆ ತಿರುಗಿದರು:

"ಮೇಷ್ಟ್ರಿಗೆ ಒಂದನೇ ಜ್ವರ ಆಯ್ತು ಕಣಪ್ಪ. ಇನ್ನು ಮೂರು ಅವೆ."