ಮನೆ ತೋರಿಸುತ್ತಿದ್ದ ಅಣ್ಣ

ಅವರ ಎಡ ಮುಂಗೈಯಲ್ಲಿ ಸದಾ ಏಳೆಂಟು ರಬ್ಬರ್ ಬ್ಯಾಂಡ್‌ಗಳು ಇರುತ್ತಿದ್ದವು. ಪ್ರತಿಯೊಂದರಲ್ಲೂ ಒಂದು ಬೀಗದ ಕೈ ಜೋತಾಡುತ್ತಿತ್ತು. ಪ್ರತಿ ಬೀಗದ ಕೈಗೂ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ತುಂಡು ಅಂಟಿಸಿ, ಅದರ ಮೇಲೆ ನೀಲಿ ಪೆನ್ನಿನಲ್ಲಿ ‘ಹಸಿರು ಗೇಟು’, ‘ಎರಡನೇ ಮಹಡಿ ಹಿಂದೆ’, ‘ನಾಯಿ ಇದೆ’ ಎಂದೆಲ್ಲ ಬರೆದಿರುತ್ತಿದ್ದರು. ಬ್ಯಾಂಡುಗಳು ಬಿಗಿದು ಬಿಗಿದು ಆ ಕಪ್ಪು ಚರ್ಮದ ಮೇಲೆ ಬಿಳಿಚಿದ ಗೆರೆಗಳು ಮೂಡಿದ್ದವು. ವಿಜಯನಗರದಲ್ಲಿ ಖಾಲಿ ಬಿದ್ದ ಮನೆಗಳೆಲ್ಲ ಆ ಮುಂಗೈಯಲ್ಲೇ ನೇತಾಡುತ್ತಿವೆ, ನಮಗೆ ಮಾತ್ರ ಒಂದೂ ಸಿಗುತ್ತಿಲ್ಲ ಎಂದು ಆಗ ನನಗೆ ಅನ್ನಿಸುತ್ತಿತ್ತು.

ಅವರು ಮನೆ ಬ್ರೋಕರ್. ಒಂದು ಅಡ್ಡರಸ್ತೆಯಲ್ಲಿ, ಟೈಲರ್ ಅಂಗಡಿಯ ಪಕ್ಕ, ಒಂದು ಮೇಜು ಎರಡು ಕುರ್ಚಿ ಹಿಡಿಸುವಷ್ಟು ಜಾಗವೇ ಅವರ ಆಫೀಸು. ಅವರನ್ನು ಹುಡುಕಿಕೊಂಡು ಹೋದಾಗ ನಾವು ಈ ಊರಿಗೆ ಬಂದು ಎರಡು ತಿಂಗಳಾಗಿತ್ತು. ವಿಜಯಪುರ ಜಿಲ್ಲೆಯ ಸಣ್ಣ ಊರಿನವಳಾದ ನನಗೆ ರಾಜಾಜಿನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ; ನನ್ನ ಗಂಡನಿಗೆ ನಾಯಂಡಹಳ್ಳಿಯ ಗೋಡೌನಿನಲ್ಲಿ ಸ್ಟಾಕ್ ನೋಡಿಕೊಳ್ಳುವ ಕೆಲಸ. ನಾನು ಪಿಜಿಯಲ್ಲಿ, ಅವರು ಗೆಳೆಯರ ರೂಮಿನಲ್ಲಿ. ಮದುವೆಯಾಗಿ ಐದು ತಿಂಗಳಾಗಿದ್ದ ನಾವಿಬ್ಬರು ಒಟ್ಟಿಗೆ ಇರುತ್ತಿದ್ದದ್ದೆಂದರೆ ಭಾನುವಾರ, ಅದೂ ಈ ಬ್ರೋಕರ್ ಅಣ್ಣನ ಹಿಂದೆ ಬೀದಿ ಬೀದಿ ನಡೆಯುತ್ತ.

ಅಣ್ಣನಿಗೆ ಆಗ ನಲವತ್ತೈದರ ಆಸುಪಾಸು. ಖಾಲಿ ಮನೆಯಾದರೂ ಹೊಸ್ತಿಲ ಹೊರಗೇ ಚಪ್ಪಲಿ ಬಿಡುತ್ತಿದ್ದರು. ಒಳಗೆ ಹೋದವರೇ ಅಡುಗೆಮನೆಯ ನಲ್ಲಿ ತಿರುಗಿಸುತ್ತಿದ್ದರು. “ಗೋಡೆ ಸುಳ್ಳು ಹೇಳುತ್ತೆ ತಂಗಿ, ಪೇಂಟ್ ಹೊಡೆದ್ರೆ ಮುಗೀತು. ನಲ್ಲಿ ಸುಳ್ಳು ಹೇಳಲ್ಲ,” ಎನ್ನುತ್ತಿದ್ದರು.

ನಲ್ಲಿಯಲ್ಲಿ ನೀರು ಬರುತ್ತಿತ್ತು, ಓನರುಗಳ ಬಾಯಲ್ಲಿ ಹೂಂ ಎನ್ನುವ ಮಾತು ಮಾತ್ರ ಬರುತ್ತಿರಲಿಲ್ಲ. ಎಲ್ಲರ ಮೊದಲ ಪ್ರಶ್ನೆ ಒಂದೇ: “ಯಾವ ಕಡೆಯವರು?” ಬಿಜಾಪುರದ ಕಡೆ ಎಂದ ಕೂಡಲೇ, “ಓ, ಆ ಕಡೆಯೋರಾ. ಮನೆಯವರನ್ನ ಕೇಳಿ ಹೇಳ್ತೀವಿ.” ಕೇಳಿ ಹೇಳಿದವರು ಒಬ್ಬರೂ ಇಲ್ಲ. ಒಬ್ಬರು, “ನಿಮ್ಮ ಕಡೆಯೋರು ಮಾತಾಡಿದ್ರೆ ಜಗಳ ಆಡ್ತಾ ಇದಾರೇನೋ ಅನ್ಸುತ್ತೆ,” ಎಂದರು. ಇನ್ನೊಬ್ಬ ಹೆಂಗಸು ಹತ್ತು ನಿಮಿಷ ನನ್ನೊಡನೆ ಮಾತಾಡಿದ ಮೇಲೆ ಅಣ್ಣನ ಕಡೆ ತಿರುಗಿ, “ಇವ್ರಿಗೆ ಕನ್ನಡ ಬರುತ್ತಾ?” ಎಂದು ಕೇಳಿದರು. ನಾನು ಅಷ್ಟು ಹೊತ್ತು ಆಡಿದ್ದು ಕನ್ನಡವನ್ನೇ.

ವಿಜಯನಗರದ ಒಂದು ಮನೆ ನಮಗೆ ತುಂಬಾ ಹಿಡಿಸಿತ್ತು. ಓನರಮ್ಮ ಮೆತ್ತಗಿನ ಮಾತಿನವರು. ಕೂರಿಸಿ ನೀರು ಕೊಟ್ಟರು. ಎಲ್ಲ ಮಾತು ಮುಗಿದು ಏಳುವಾಗ, “ನೀವು ರೊಟ್ಟಿ ತಟ್ತೀರಾ?” ಎಂದು ಕೇಳಿದರು. “ಬೇಜಾರು ಮಾಡ್ಕೋಬೇಡಿ. ಮುಂಚೆ ಇದ್ದೋರೂ ಆ ಕಡೆಯೋರೇ. ಬೆಳಿಗ್ಗೆ ಎದ್ರೆ ಪಟಪಟ ಪಟಪಟ ಅಂತ. ಕೆಳಗಡೆ ನಮ್ಮ ಮಾವನೋರು ಮಲಗಿರ್ತಾರೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ, “ಇಲ್ಲಮ್ಮಾ, ಇವ್ರದ್ದು ಬರೀ ಚಪಾತಿ. ಅದೂ ಲೈಟಾಗಿ,” ಎಂದುಬಿಟ್ಟರು. ನನ್ನ ಗಂಡ ಕೆಮ್ಮಿದರು.

ಗೇಟು ದಾಟಿದ ಮೇಲೆ ನಾನು ನಿಂತುಬಿಟ್ಟೆ. “ಅಣ್ಣಾರ, ಸುಳ್ಳ ಯಾಕ ಹೇಳಿದ್ರಿ? ನಾವು ದಿನಾ ರೊಟ್ಟಿ ಉಣ್ಣೋ ಮಂದಿ. ನಾವು ಉಣ್ಣೂದನ್ನ ಮುಚ್ಚಿಟ್ಟು ಬದುಕಬೇಕೇನ್ರಿ?”

“ಮನೆಯೊಳಗೆ ಹೋದ್ಮೇಲೆ ಏನ್ ಬೇಕಾದ್ರೂ ತಿನ್ನಿ ತಂಗಿ. ಒಳಗೆ ಹೋಗೋವರೆಗೂ ಸ್ವಲ್ಪ ಸುಮ್ನಿರಿ.” ನಾಲ್ಕು ಹೆಜ್ಜೆ ನಡೆದು ಮತ್ತೆ ನಿಂತರು. “ಇನ್ನೊಂದು ವಿಷ್ಯ. ಮಾತಿನ ಕೊನೇಲಿ ಆ ‘ರಿ’ ಹಾಕ್ಬೇಡಿ. ‘ಬರ್ತೀನ್ರಿ’ ಅನ್ನೋ ಕಡೆ ‘ಬರ್ತೀನಿ’ ಅನ್ನಿ. ಅರ್ಧ ಮನೆ ಸಿಕ್ಕಂಗೇ.”

“ಅದು ನಮ್ಮ ಕಡೆ ಮರ್ಯಾದಿ ಅಣ್ಣಾರ. ಮರ್ಯಾದಿ ಹೆಂಗ ಬಿಡಲಿ?”

ಅವರು ಬಿಸಿಲಿನಲ್ಲಿ ಮುಂದೆ ನಡೆದರು. ಆ ಮನೆಯೂ ನಮಗೆ ಸಿಗಲಿಲ್ಲ.

ಕೊನೆಗೆ ಕುರುಬರಹಳ್ಳಿಯಲ್ಲಿ ಒಂದು ಮನೆ ಸಿಕ್ಕಿತು, ಮೊದಲ ಮಹಡಿಯಲ್ಲಿ. ಸಾಮಾನು ಇಳಿಸುತ್ತಿದ್ದ ದಿನ ಅಣ್ಣ ಕಂಕುಳಲ್ಲಿ ಒಂದು ಕಪ್ಪು ಸುರುಳಿ ಹಿಡಿದುಕೊಂಡು ಬಂದರು. ನಾಯಂಡಹಳ್ಳಿಯ ವರ್ಕ್‌ಶಾಪಿನಿಂದ ತಂದ ದಪ್ಪ ರಬ್ಬರ್ ಹಾಳೆ. “ರೊಟ್ಟಿ ಹಲಗೆ ಕೆಳಗೆ ಹಾಕ್ಕೊಳ್ಳಿ. ಆಫೀಸ್ ಮೇಜಿನ ಮೇಲೆ ಇಟ್ಟು ನಾನೇ ತಟ್ಟಿ ನೋಡಿದೀನಿ, ಸದ್ದೇ ಬರಲ್ಲ. ನಮ್ಮ ಟೈಲರು ಹುಚ್ಚು ಹಿಡೀತಾ ಅಂತ ಕೇಳ್ದ.” ಆ ಹಾಳೆಯ ಮೇಲೆ ತಟ್ಟಿದ ಮೊದಲ ರೊಟ್ಟಿಯನ್ನು ಅವರಿಗೇ ಕೊಟ್ಟೆ. ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣು ಮೂಗು ಒರೆಸಿಕೊಳ್ಳುತ್ತಲೇ ಇನ್ನೊಂದು ಕೇಳಿ ಹಾಕಿಸಿಕೊಂಡರು.

ಆಮೇಲೆ ನಮ್ಮ ಆಸ್ಪತ್ರೆಯಲ್ಲಿ ಯಾರಿಗೆ ಮನೆ ಬೇಕಾದರೂ ನಾನು ಅವರ ಹತ್ತಿರವೇ ಕರೆದುಕೊಂಡು ಹೋಗುತ್ತಿದ್ದೆ. ಅವರ ಮೇಜಿನ ಮೇಲೊಂದು ಉದ್ದನೆಯ ನೋಟ್‌ಬುಕ್ ಇರುತ್ತಿತ್ತು. ಎಡಕ್ಕೆ ಓನರ್ ಹೆಸರು, ಬಲಕ್ಕೆ ಅವರಿಗೆ ಯಾರು ಬೇಡ ಎನ್ನುವುದು. ಹಿಂದಿ ಬೇಡ, ಉತ್ತರ ಕರ್ನಾಟಕ ಬೇಡ, ಬ್ಯಾಚುಲರ್ ಬೇಡ, ಮಾಂಸ ಬೇಡ, ಸಾಬರು ಬೇಡ, ನೆಂಟರು ಜಾಸ್ತಿ ಬರುವವರು ಬೇಡ. ಪುಟ ತಿರುಗಿಸಿದಷ್ಟೂ ಅದೇ. ಯಾರು ಬೇಕು ಅಂತ ಯಾಕೆ ಬರೆದಿಲ್ಲ ಎಂದು ಒಮ್ಮೆ ಕೇಳಿದೆ. “ಯಾರೂ ಹೇಳಲ್ಲವಲ್ಲ ತಂಗಿ,” ಎಂದರು.

ಒಂದು ದಿನ ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಣಿಪುರದ ನರ್ಸ್ ಹುಡುಗಿಗಾಗಿ ಮೂವರೂ ಬಸವೇಶ್ವರನಗರದ ಒಂದು ಮನೆಗೆ ಹೋದೆವು. ಓನರ್ ನಿವೃತ್ತರು, ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಹುಡುಗಿಯ ಮುಖ ನೋಡಿದ್ದೇ ಪೇಪರ್ ಮಡಚಿದರು. “ಏನ್ರೀ ಇದು? ನಿಮಗೆ ಮೊದಲೇ ಹೇಳಿರ್ಲಿಲ್ವಾ? ಆ ಕಡೆ ಹುಡುಗೀರು ಬೇಡ. ಹಿಂದಿಯೋರು ಬೇಡ. ತಮಿಳ್ರಂತೂ ಬೇಡವೇ ಬೇಡ.”

ಅದೇ ಹೊತ್ತಿಗೆ ಅಣ್ಣನ ಫೋನ್ ಹೊಡೆದುಕೊಂಡಿತು. ಅವರದ್ದು ಹಳೆಯ ಫೋನ್. ಆ ಕಡೆಯವರ ಮಾತು ಪಕ್ಕದವರಿಗೂ ಕೇಳುತ್ತಿತ್ತು. ಒಬ್ಬ ಮುದುಕಿಯ ದನಿ, “ಸಾಪ್ಟಿಯಾ ಕಣ್ಣು?” ಎಂದಿತು. ತಮಿಳಿನಲ್ಲಿ, ಉಂಡೆಯಾ ಮಗನೇ ಎಂದು. ಅಣ್ಣ ಫೋನನ್ನು ಕಿವಿಗೆ ಒತ್ತಿಕೊಂಡು, “ಹೂಂ, ಆಮೇಲೆ ಮಾಡ್ತೀನಿ. ಇಡಿ. ಕೆಲಸದಲ್ಲಿದೀನಿ,” ಎಂದರು. ಆ ದನಿ ಏನೋ ಮತ್ತೆ ಕೇಳಿತು, ಗಾಬರಿಯಿಂದ. “ಇಡಿ ಅಂದ್ನಲ್ಲ,” ಎಂದು ಫೋನ್ ಕಟ್ ಮಾಡಿದರು. ಓನರ್ ತಮ್ಮ ಮಾತು ಮುಂದುವರಿಸಿದರು. ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು.

ವಾಪಸ್ ಬರುತ್ತ ಬೇಕರಿಯ ಮುಂದೆ ಟೀ ಕುಡಿಯಲು ನಿಂತೆವು. ಹುಡುಗಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋಗಿದ್ದಳು. ಅಣ್ಣ ಫೋನ್ ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡರು.

“ನಮ್ಮಮ್ಮಂಗೆ ಕನ್ನಡ ಬರಲ್ಲ ತಂಗಿ,” ಎಂದರು.

ಆಮೇಲೆ ಅವರೇ ಹೇಳಿದರು. ಊರು ಧರ್ಮಪುರಿಯ ಕಡೆ. ಹದಿನೈದನೇ ವಯಸ್ಸಿಗೆ ಮಾಗಡಿ ರಸ್ತೆಯ ಪವರ್‌ಲೂಮಿಗೆ ಬಂದವರು. ಜೊತೆಯವರ ಬಾಯಿಂದ ಕನ್ನಡ ಕಲಿತರು, ಬಸ್ಸಿನ ಬೋರ್ಡು ನೋಡಿ ನೋಡಿ ಓದಲು ಕಲಿತರು. ಒಂದು ವರ್ಷ ಕಾವೇರಿ ನೀರಿನ ಗಲಾಟೆ ಎದ್ದಾಗ ನಾಲ್ಕು ದಿನ ರೂಮಿನಿಂದ ಹೊರಗೆ ಬರಲಿಲ್ಲ. ಈ ಟೈಲರೇ ಬಾಗಿಲಿಗೆ ಹಳದಿ ಕೆಂಪು ಬಾವುಟ ಕಟ್ಟಿ, ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿದ್ದರಂತೆ. “ಅವತ್ತಿಂದ ಬೀದೀಲಿ ತಮಿಳು ಮಾತಾಡಿಲ್ಲ. ಅಭ್ಯಾಸ ಆಗೋಯ್ತು. ಇವತ್ತು ಅಮ್ಮನ ಹತ್ರಾನೂ ಬರಲಿಲ್ಲ ನೋಡಿ ಬಾಯಿಗೆ.” ಟೀ ಮುಗಿಸದೆ ಗ್ಲಾಸ್ ಇಟ್ಟರು. “‘ರಿ’ ಬಿಡಿ ಅಂದಾಗ ನಿಮಗೆ ಸಿಟ್ಟು ಬಂತಲ್ಲ, ಅದು ಒಳ್ಳೇದೇ. ನಂಗೆ ಬರ್ಬೇಕಾದಾಗ ಬರಲಿಲ್ಲ.”

ಮಣಿಪುರದ ಹುಡುಗಿಗೆ ಮನೆ ಸಿಗಲು ಇನ್ನೂ ಏಳು ವಾರ ಬೇಕಾಯಿತು. ಏಳು ವಾರವೂ ಅವರು ಅವಳೊಂದಿಗೆ ನಡೆದರು.

ನಾವು ಕುರುಬರಹಳ್ಳಿಗೆ ಬಂದು ಒಂಬತ್ತು ವರ್ಷ ಕಳೆಯಿತು. ನನ್ನ ‘ರಿ’ ಯಾವಾಗ ಉದುರಿತೋ ನನಗೆ ಗೊತ್ತಾಗಲೇ ಇಲ್ಲ. ಯಾರೂ ಕಿತ್ತುಕೊಳ್ಳಲಿಲ್ಲ, ಡ್ಯೂಟಿ, ಮಗನ ಸ್ಕೂಲು, ಬಸ್ಸು ಎನ್ನುತ್ತ ಸವೆದುಹೋಯಿತು. ಊರಿಗೆ ಫೋನ್ ಮಾಡಿದರೆ ಅವ್ವ, “ಬೆಂಗಳೂರಾಕಿನ ಆಗೀ ಬಿಡವಾ,” ಎನ್ನುತ್ತಿದ್ದಳು. ಆ ವರ್ಷ ಸಾಲ ಮಾಡಿ ರಾಜರಾಜೇಶ್ವರಿನಗರದಲ್ಲಿ ಒಂದು ಫ್ಲಾಟ್ ತೆಗೆದುಕೊಂಡೆವು. ಮಗನ ಸ್ಕೂಲು ಮುಗಿಯುವವರೆಗೆ ನಾವು ಇಲ್ಲೇ ಇದ್ದು ಅದನ್ನು ಬಾಡಿಗೆಗೆ ಕೊಡೋಣ ಎಂದು ಅಣ್ಣನಿಗೇ ಹೇಳಿದೆ.

ಅವರು ಖುಷಿಯಿಂದಲೇ ಒಂದು ಕುಟುಂಬವನ್ನು ಕರೆತಂದರು. ಒಡಿಶಾದವರು. ಗಂಡ ಮೈಸೂರು ರಸ್ತೆಯ ಹೋಟೆಲಿನಲ್ಲಿ ಅಡುಗೆಯವನು, ಹೆಂಡತಿ ಗಾರ್ಮೆಂಟ್ಸಿನಲ್ಲಿ, ಜೊತೆಗೆ ನಾಲ್ಕು ವರ್ಷದ ಮಗಳು. ಆ ಹೆಂಗಸು ಬಾಲ್ಕನಿಯ ಬಾಗಿಲು ತೆರೆದು ಹೊರಗೆ ನೋಡಿದಳು. ನನ್ನ ಕಡೆ ತಿರುಗಿ, ಒಂದೊಂದೇ ಪದ ಬಿಡಿಸಿ, “ಅಕ್ಕಾ, ಮನೆ, ತುಂಬಾ ಚೆನ್ನಾಗಿದೆ,” ಎಂದಳು. ಅದನ್ನು ಕೆಳಗೆ ಲಿಫ್ಟಿನ ಹತ್ತಿರ ಅವಳಿಗೆ ಯಾರು ಹೇಳಿಕೊಟ್ಟಿದ್ದಾರೆಂದು ನನಗೆ ಗೊತ್ತಿತ್ತು.

ನಾನು ಅಣ್ಣನನ್ನು ಅಡುಗೆಮನೆಗೆ ಕರೆದೆ. “ಹಿಂದಿಯವರು ಬೇಡ ಅಣ್ಣಾ. ನಂಗೇನಿಲ್ಲ, ಅಪಾರ್ಟ್‌ಮೆಂಟ್‌ನೋರು ಏನಾದ್ರೂ ಅಂತಾರೆ.”

ಅಪಾರ್ಟ್‌ಮೆಂಟಿನಲ್ಲಿ ಯಾರೂ ಏನೂ ಅಂದಿರಲಿಲ್ಲ. ನಾನು ಯಾರನ್ನೂ ಕೇಳಿಯೂ ಇರಲಿಲ್ಲ. ಆ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ, ಎಷ್ಟೋ ವರ್ಷದಿಂದ ಆಡಿ ರೂಢಿಯಿದ್ದಂತೆ ಬಂತು.

ಅವರು ವಾದ ಮಾಡಲಿಲ್ಲ. ಒಡಿಶಾದವರು ಹಿಂದಿಯವರಲ್ಲ ಎಂದೂ ತಿದ್ದಲಿಲ್ಲ. ಚೀಲದಿಂದ ಆ ಉದ್ದನೆಯ ನೋಟ್‌ಬುಕ್ ತೆಗೆದು, ಗ್ಯಾಸ್ ಕಟ್ಟೆಯ ಮೇಲಿಟ್ಟುಕೊಂಡು, ಎಡಕ್ಕೆ ನನ್ನ ಹೆಸರು ಬರೆದರು, ಬಲಕ್ಕೆ ಎರಡು ಪದ ಬರೆದರು. “ಸರಿ ಮೇಡಂ,” ಎಂದರು.

ಒಂಬತ್ತು ವರ್ಷದಲ್ಲಿ ಅವರು ನನ್ನನ್ನು ಮೇಡಂ ಎಂದಿರಲಿಲ್ಲ.

ಮೂರನೇ ದಿನ ಫೋನ್ ಮಾಡಿ, ಮನೆ ಅವರಿಗೇ ಕೊಡಿ ಎಂದೆ. “ಅವ್ರು ನಾಯಂಡಹಳ್ಳಿಲಿ ಶೀಟ್ ಮನೆ ನೋಡ್ಕೊಂಡ್ರು ಮೇಡಂ. ನೆನ್ನೆ ಸಾಮಾನು ಹಾಕಿದ್ರು,” ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ. ಮುಂದಿನ ವಾರ ತುಮಕೂರಿನ ಕಡೆಯ ಬ್ಯಾಂಕ್ ನೌಕರರೊಬ್ಬರನ್ನು ಕರೆತಂದರು. ಎಲ್ಲ ಸುಸೂತ್ರವಾಗಿ ಮುಗಿಯಿತು. ಆಮೇಲೂ ದಾರಿಯಲ್ಲಿ ಸಿಕ್ಕರೆ ಮಗನ ಓದು ವಿಚಾರಿಸುತ್ತಿದ್ದರು, ಗಂಡನ ಬೆನ್ನುನೋವು ವಿಚಾರಿಸುತ್ತಿದ್ದರು. ಅವರು ‘ಮೇಡಂ’ ಅಂದಾಗಲೆಲ್ಲ ನಾನು ಏನೋ ಹೇಳಬೇಕೆಂದುಕೊಂಡು ಹೇಳದೆ ಮುಂದೆ ಹೋಗುತ್ತಿದ್ದೆ. ಇಂದು ಬೇಡ, ರಸ್ತೆಯಲ್ಲಿ ಬೇಡ, ಇನ್ನೊಮ್ಮೆ ಆಫೀಸಿಗೇ ಹೋಗಿ ಕೂತು ಹೇಳೋಣ ಎಂದು.

ಕಳೆದ ವರ್ಷ ಬ್ಲೌಸ್ ಹೊಲಿಸಲು ಹೋದಾಗ ಅಣ್ಣನ ಆಫೀಸಿನ ಬಾಗಿಲು ಮುಚ್ಚಿತ್ತು. ಟೈಲರ್ ಹೇಳಿದರು, ಸ್ಟ್ರೋಕ್ ಆಗಿದೆ ಎಂದು. ಮನೆ ಅಲ್ಲೇ ಹಿಂದಿನ ಬೀದಿ. ಇಷ್ಟು ವರ್ಷದಲ್ಲಿ ಅವರು ನಮ್ಮ ಮನೆಗೆ ಎಷ್ಟೋ ಸಲ ಬಂದಿದ್ದರು. ನಾನು ಅವರ ಮನೆಗೆ ಹೋದದ್ದು ಅದೇ ಮೊದಲು.

ಕಾಲೇಜಿಗೆ ಹೋಗುವ ಮಗಳು ಬಾಗಿಲು ತೆಗೆದಳು. ಒಳಗಿನಿಂದ ಅವರ ದನಿ ಕೇಳುತ್ತಿತ್ತು, ಗಟ್ಟಿಯಾಗಿ, ತಮಿಳಿನಲ್ಲಿ, ಕಿಟಕಿ ತೆರೆದೇ ಇತ್ತು. “ಅಪ್ಪಂಗೆ ಕನ್ನಡ ಹೋಗ್ಬಿಟ್ಟಿದೆ ಆಂಟಿ,” ಎಂದಳು ಆ ಹುಡುಗಿ. “ನಾವು ಕನ್ನಡದಲ್ಲಿ ಮಾತಾಡಿದ್ರೆ ಅರ್ಥಾನೇ ಆಗಲ್ಲ.” ಆಸ್ಪತ್ರೆಯಲ್ಲಿ ನಾನು ಇಂಥದ್ದನ್ನು ಒಂದೆರಡು ಸಲ ಕಂಡಿದ್ದೆ. ಮೆದುಳಿಗೆ ಪೆಟ್ಟು ಬಿದ್ದಾಗ ಕೆಲವರಿಗೆ ಆಮೇಲೆ ಕಲಿತ ಭಾಷೆ ಹೋಗಿ ತಾಯಿಯ ಭಾಷೆಯೊಂದೇ ಉಳಿಯುತ್ತದೆ. ಮೂರು ದಶಕ ಅವರು ಮರೆಯಲ್ಲಿಟ್ಟಿದ್ದ ಭಾಷೆಯೊಂದೇ ಈಗ ಅವರ ಬಳಿ ಇತ್ತು.

ಮಂಚದ ಪಕ್ಕ ಕೂತೆ. ಅವರಿಗೆ ನನ್ನ ಗುರುತು ಸಿಕ್ಕಿತು. ಬಾಯಿಯ ಒಂದು ಬದಿ ನಕ್ಕಿತು. ಬಲಗೈ ಸ್ವಾಧೀನದಲ್ಲಿರಲಿಲ್ಲ; ಅದನ್ನೇ ಹಿಡಿದುಕೊಂಡೆ. ಹಿಡಿದುಕೊಂಡು ಹೇಳಿದೆ: “ಅಣ್ಣಾ, ಅವತ್ತು ಆ ಒಡಿಶಾದೋರಿಗೆ ಮನೆ ಕೊಡ್ಬೇಕಿತ್ತು. ನಾನು ತಪ್ಪು ಮಾಡ್ದೆ.”

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು, ಬಹಳ ಗಮನವಿಟ್ಟು. ಆಮೇಲೆ, ಆಗಷ್ಟೇ ಒಳಗೆ ಬಂದ ಮಗಳ ಕಡೆ ತಿರುಗಿ ಏನೋ ಕೇಳಿದರು.

“ನೀವು ಏನ್ ಹೇಳಿದ್ರಿ ಅಂತ ಕೇಳ್ತಾ ಇದಾರೆ,” ಎಂದಳು. ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಅವಳು ಅಡುಗೆಮನೆಯಲ್ಲಿದ್ದಾಗ ನಾನು ಹೇಳಿಬಿಟ್ಟಿದ್ದೆ. “ಏನಂತ ಹೇಳ್ಲಿ ಆಂಟಿ ಅಪ್ಪಂಗೆ?”

ಅದನ್ನು ಹೇಳಿಸಬೇಕಾದರೆ ಮೊದಲು ಆ ಹುಡುಗಿಗೆ ಎಲ್ಲವನ್ನೂ ಹೇಳಬೇಕಿತ್ತು. ಧರ್ಮಪುರಿಯವರ ಮಗಳಿಗೆ, ನಾನು ಯಾರನ್ನು ಯಾಕೆ ಬೇಡವೆಂದೆ ಎಂದು.

“ಬೇಗ ಹುಷಾರಾಗಿ ಅಂದೆ ಅಂತ ಹೇಳಮ್ಮ,” ಎಂದೆ.

ಅವಳು ಹೇಳಿದಳು. ಅವರು ತಲೆಯಾಡಿಸಿದರು. ಅಷ್ಟೇ.

ಮೂರು ವಾರಕ್ಕೆ ತೀರಿಕೊಂಡರು. ನಾನು ಡ್ಯೂಟಿ ಮುಗಿಸಿ ತಲುಪುವಷ್ಟರಲ್ಲಿ ಎಲ್ಲ ಮುಗಿದು, ಬಾಗಿಲ ಮುಂದೆ ಟೈಲರ್ ಒಬ್ಬರೇ ಕೂತಿದ್ದರು. ಅವರ ಪಕ್ಕ ನಾನೂ ಸ್ವಲ್ಪ ಹೊತ್ತು ಕೂತಿದ್ದು ಬಸ್ಸು ಹಿಡಿದೆ. ಆ ಅಡುಗೆಮನೆಯ ಮಾತಿನಿಂದ ಅವರು ಹಾಸಿಗೆ ಹಿಡಿಯುವವರೆಗೆ ಮೂರು ವರ್ಷ ಕಳೆದಿತ್ತು. ಆ ಮೂರು ವರ್ಷವೂ ಅವರಿಗೆ ಕನ್ನಡ ಬರುತ್ತಿತ್ತು.