ಕೊಟ್ಟಿಗೆಗೂ ಕಮರ್ಷಿಯಲ್ ಕಂದಾಯ

ಕೇಳಿ ಗೆಳೆಯರೇ, ಇವತ್ತಿನಿಂದ ನಮ್ಮ ದನಗಳೂ ವ್ಯಾಪಾರಕ್ಕಿಳಿದಿವೆ.

ಬೆಳಿಗ್ಗೆ ಪಂಚಾಯಿತಿಯ ಬಿಲ್ ಕಲೆಕ್ಟರ್ ಸುಂದರಣ್ಣ ಟೇಪು ಹಿಡಿದು ಬಂದರು. ನಾವು ಹೋಂಸ್ಟೇಗೆ ಕೊಡುವ ಎರಡು ಕೋಣೆಗಳನ್ನು ಅಳೆದರು, ಸರಿ. ಆಮೇಲೆ ಸೀದಾ ಕೊಟ್ಟಿಗೆಗೆ ನುಗ್ಗಿದರು.

"ಗೋಡೆ ಮೇಲೆ ಹೋಂಸ್ಟೇ ಬೋರ್ಡ್ ಇದ್ಯಲ್ಲ, ಇದೂ ಕಮರ್ಷಿಯಲ್ಲೇ."

ಅತ್ತೆಗೆ ರೇಗಿತು. "ಅಲ್ಲ ಮಾರಾಯ, ಅದ್ರೊಳಗೆ ಮಲಗೋದು ದನ. ಅವು ಬಾಡಿಗೆ ಕೊಡ್ತಾವಾ?"

"ಮತ್ತೆ ಬೋರ್ಡ್ ಯಾಕೆ ಅಲ್ಲಿ ಹಾಕಿದ್ರಿ ಅಮ್ಮ?"

"ಗೇಟಿನ ಹತ್ರ ನಿಮ್ಮ ಕಂಬದ ಬಲ್ಬು ಹೋಗಿ ಎರಡು ಮಳೆಗಾಲ ಆಯ್ತು. ಹೊರನಾಡು ದೇವಸ್ಥಾನದಿಂದ ಬರೋ ಗೆಸ್ಟುಗಳಿಗೆ ಕತ್ತಲಲ್ಲಿ ಬೋರ್ಡ್ ಕಾಣ್ಬೇಡ್ವಾ? ಕೊಟ್ಟಿಗೆಲಾದ್ರೆ ನಮ್ಮದೇ ಲೈಟ್ ಇದೆ."

ನಾನು ಬಾಯಿ ಹಾಕಿದೆ. "ದೆಹಲಿಯಿಂದ ಪಂಚಾಯ್ತಿಗೆ ದುಡ್ಡು ಬರುತ್ತಲ್ಲ ಸುಂದರಣ್ಣ, ಅದ್ರಲ್ಲಿ ಒಂದು ಬಲ್ಬು ಹಾಕ್ಸೋಕಾಗಲ್ವಾ?"

"ಬರುತ್ತೆ ಅಕ್ಕ. ನೀರಿಗೆ ಇಷ್ಟು, ಚರಂಡಿಗೆ ಇಷ್ಟು ಅಂತ ಅವ್ರೇ ಬರೆದು ಕಳಿಸ್ತಾರೆ. ಮಿಕ್ಕಿದ್ದು ಯಾವುದಕ್ಕೂ ಸಾಲಲ್ಲ. ಬಲ್ಬಿಗೆ ನಾವೇ ಕಂದಾಯ ಎತ್ಬೇಕು. ಅದಕ್ಕೇ ಅಳೀತಿದೀನಿ."

ಅಂದರೆ ಬಲ್ಬು ಇಲ್ಲವೆಂದು ಬೋರ್ಡು ಕೊಟ್ಟಿಗೆಗೆ ಹೋಯಿತು. ಬೋರ್ಡು ಇದೆಯೆಂದು ಕೊಟ್ಟಿಗೆಗೆ ಕಂದಾಯ ಬಿತ್ತು. ಆ ಕಂದಾಯದಿಂದ ಈಗ ಬಲ್ಬು ಬರುತ್ತದಂತೆ!

ಅತ್ತೆ ಏಣಿ ತಂದು ಬೋರ್ಡು ಕಿತ್ತೇಬಿಟ್ಟರು. "ಅಳತೆ ಆಗ್ಹೋಯ್ತಲ್ಲ ಅಮ್ಮ" ಎಂದರು ಸುಂದರಣ್ಣ, ಅತ್ತೆಯೇ ಕೊಟ್ಟ ಕಾಫಿ ಕುಡಿಯುತ್ತ.

ನಮ್ಮಲ್ಲಿ ಉಳಿದು ಹೋದವರೆಲ್ಲ ದಯವಿಟ್ಟು ಕೊಟ್ಟಿಗೆಗೂ ಐದು ಸ್ಟಾರ್ ಕೊಡಿ. ಊರಿನ ಬೀದಿದೀಪ ಈಗ ನಮ್ಮ ದನಗಳ ದುಡಿಮೆಯ ಮೇಲೆ ನಿಂತಿದೆ.